ಅರ್ಥವಾಗಲಿಲ್ಲ, ಆದರೂ ಚೆನ್ನಾಗಿತ್ತು

ಸಿನಿಮಾ ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡೇ ಉತ್ತರ ಸಿಗುತ್ತವೆ. ಒಂದು ಸೂಪರ್, ಇನ್ನೊಂದು ಬೋರ್. ‘ಪೂರ್ತಿ ಅರ್ಥವಾಗಲಿಲ್ಲ, ಆದರೂ ತುಂಬಾ ಇಷ್ಟವಾಯಿತು’ ಎಂದು ಹೇಳಿ ನೋಡಿ, ನಮ್ಮ ಕ್ಲಾಸಿನವರು ನಗುತ್ತಾರೆ. ಅರ್ಥವೇ ಆಗದ ಮೇಲೆ ಇಷ್ಟವಾಗುವುದು ಹೇಗೆ ಎನ್ನುತ್ತಾರೆ. ಇಷ್ಟವಾಗುತ್ತದೆ ಎಂಬುದು ನನ್ನ ವಾದ. ಸಾಕ್ಷಿಗೆ ದೂರ ಹೋಗಬೇಕಿಲ್ಲ, ಕನ್ನಡದ ‘ಲೂಸಿಯಾ’ ಇದೆ.

ಪವನ್ ಕುಮಾರ್ ನಿರ್ದೇಶಿಸಿದ ಈ ಸಿನಿಮಾ 2013ರಲ್ಲಿ ಬಿಡುಗಡೆಯಾಯಿತು. ಸತೀಶ್ ನೀನಾಸಂ ಮತ್ತು ಶ್ರುತಿ ಹರಿಹರನ್ ಮುಖ್ಯ ಪಾತ್ರದಲ್ಲಿದ್ದಾರೆ. ಆಗ ನಾವೆಲ್ಲ ಚಿಕ್ಕ ಮಕ್ಕಳು, ಹಾಗಾಗಿ ನಮ್ಮಲ್ಲಿ ಬಹಳಷ್ಟು ಜನ ನೋಡಿರಲಿಕ್ಕಿಲ್ಲ. ನಾನು ನೋಡಿದ್ದು ಹೋದ ರಜೆಯಲ್ಲಿ, ಮನೆಯಲ್ಲಿ, ಆಪಾ ಮತ್ತು ದಾದಿಯ ಜೊತೆ.

ಕಥೆ ಹೀಗಿದೆ. ನಿಕ್ಕಿ ಬೆಂಗಳೂರಿನ ಒಂದು ಹಳೆಯ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವ ಹುಡುಗ. ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಯಾರೋ ಲೂಸಿಯಾ ಎಂಬ ಮಾತ್ರೆ ಕೊಡುತ್ತಾರೆ. ಅದನ್ನು ನುಂಗಿದರೆ ನಿದ್ದೆಯೂ ಬರುತ್ತದೆ, ಬೇಕಾದ ಕನಸೂ ಬರುತ್ತದೆ. ನಿನ್ನೆ ಎಲ್ಲಿ ನಿಂತಿತ್ತೋ ಇವತ್ತು ಅಲ್ಲಿಂದಲೇ ಕನಸು ಮುಂದುವರಿಯುತ್ತದೆ. ಆ ಕನಸಿನಲ್ಲಿ ಅವನು ನಿಖಿಲ್ ಎಂಬ ದೊಡ್ಡ ಸಿನಿಮಾ ನಟ. ಒಂದು ಬದುಕು ಬಣ್ಣದಲ್ಲಿದೆ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಇವೆರಡರ ನಡುವೆ ಆಸ್ಪತ್ರೆಯಲ್ಲಿ ಒಬ್ಬ ಪ್ರಜ್ಞೆ ಇಲ್ಲದೆ ಮಲಗಿದ್ದಾನೆ, ಅವನಿಗೆ ಏನಾಯಿತು ಎಂಬ ತನಿಖೆ ನಡೆಯುತ್ತಿದೆ. ಕೊನೆ ಏನೆಂದು ಹೇಳುವುದಿಲ್ಲ, ಹೇಳಿದರೆ ಈ ಲೇಖನಕ್ಕೇ ಅರ್ಥವಿಲ್ಲ.

ಅರ್ಧ ಸಿನಿಮಾ ಆಗುವಷ್ಟರಲ್ಲಿ ಆಪಾ ನಿಲ್ಲಿಸಿ, ‘ಇದರಲ್ಲಿ ಯಾವುದು ನಿಜ?’ ಎಂದು ಕೇಳಿದಳು. ದಾದಿ ಶಾಂತವಾಗಿ, ‘ದೋನೋ ಬೀ ಖ್ವಾಬಿಚ್ ಹೈ ಬೇಟಾ’ ಎಂದರು. ಎರಡೂ ಕನಸೇ ಅಂತೆ! ದಾದಿಗೆ ಕನ್ನಡ ಅಷ್ಟಕ್ಕಷ್ಟೇ. ಆದರೆ ಮೂವರಲ್ಲಿ ಹೆಚ್ಚು ಆರಾಮವಾಗಿ ನೋಡಿದವರು ಅವರೇ. ಯಾಕೆಂದು ಆಮೇಲೆ ಯೋಚಿಸಿದೆ. ಸಂತೆ, ಬಸ್ಸು, ಬ್ಯಾಂಕು ಎಲ್ಲ ಕಡೆ ಅರ್ಧ ಮಾತು ತಿಳಿದು ಉಳಿದ ಅರ್ಧವನ್ನು ಮುಖ ನೋಡಿ ಊಹಿಸುವುದು ಅವರಿಗೆ ಜೀವನವಿಡೀ ಅಭ್ಯಾಸ. ಉರ್ದು ಮಾತಾಡುವ ಮನೆಗಳಿಂದ ಬಂದ ನಮಗೂ ಇದು ಹೊಸದಲ್ಲ. ನಾವು ಕನ್ನಡ ಕಲಿತದ್ದೇ ಹೀಗೆ. ಮೊದಲು ಕಿವಿಗೆ ಬಿತ್ತು, ಅರ್ಥ ನಿಧಾನವಾಗಿ ಹಿಂದೆ ಬಂತು. ಎಲ್ಲ ಅರ್ಥವಾದ ಮೇಲೆಯೇ ಕೇಳುತ್ತೇನೆ ಎಂದು ಹಟ ಹಿಡಿದಿದ್ದರೆ ಇವತ್ತು ಈ ಲೇಖನ ಬರೆಯುತ್ತಿರಲಿಲ್ಲ.

ಕಾಮರ್ಸ್ ಗೆಳೆಯರಿಗೆ ಒಂದು ಉದಾಹರಣೆ ಕೊಡುತ್ತೇನೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಏನು ಮಾಡುತ್ತೇವೆ? ಪುಸ್ತಕ ಮುಚ್ಚಿ ಎಸೆಯುವುದಿಲ್ಲ. ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಂದೆ ಹೋಗುತ್ತೇವೆ. ತಪ್ಪುಗಳು ಒಂದೊಂದಾಗಿ ಸಿಕ್ಕಿ ಸರಿಯಾದ ಹಾಗೆ ಆ ಖಾತೆ ಮುಚ್ಚುತ್ತದೆ. ‘ಲೂಸಿಯಾ’ದಂಥ ಸಿನಿಮಾ ನೋಡುವಾಗ ತಲೆಯಲ್ಲಿ ಅಂಥ ಒಂದು ಖಾತೆ ತೆರೆದಿಟ್ಟುಕೊಳ್ಳಬೇಕು, ಅಷ್ಟೇ.

ಹಾಗಂತ ತಲೆ ಕೆಡಿಸುವ ಸಿನಿಮಾಗಳೆಲ್ಲ ಒಳ್ಳೆಯವು ಎಂದು ನಾನು ಹೇಳುತ್ತಿಲ್ಲ. ಕಥೆ ಇಲ್ಲದಿದ್ದಾಗ ಗೊಂದಲವನ್ನೇ ಕಥೆ ಎಂದು ಮಾರುವವರೂ ಇದ್ದಾರೆ. ವ್ಯತ್ಯಾಸ ತಿಳಿಯುವುದು ಸುಲಭ. ಒಳ್ಳೆಯ ಸಿನಿಮಾ ನಮ್ಮ ಕೈಗೆ ಏನಾದರೂ ಹಿಡಿದುಕೊಳ್ಳಲು ಕೊಡುತ್ತದೆ. ಇಲ್ಲಿ ಬಣ್ಣ ಒಂದು ಗುರುತು. ಅದೇ ಮುಖಗಳು ಎರಡೂ ಕಡೆ ಬರುವುದು ಇನ್ನೊಂದು ಗುರುತು: ಅಚ್ಯುತ್ ಕುಮಾರ್ ಒಂದು ಕಡೆ ಥಿಯೇಟರಿನ ಮಾಲೀಕ, ಇನ್ನೊಂದು ಕಡೆ ನಟನ ಮ್ಯಾನೇಜರ್. ಒಂದೊಂದು ದೃಶ್ಯವೂ ಸರಳವಾಗಿಯೇ ಇದೆ. ಜೋಡಿಸುವ ಕೆಲಸ ಮಾತ್ರ ನಮ್ಮದು.

ಇಂಥ ಸಿನಿಮಾಕ್ಕೆ ದುಡ್ಡು ಬಂದ ರೀತಿಯೂ ತಿಳಿಯಬೇಕಾದದ್ದು. ಒಬ್ಬ ನಿರ್ಮಾಪಕನ ಬದಲು ಇಂಟರ್ನೆಟ್ ಮೂಲಕ 110 ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು. ಸಿನಿಮಾ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು, 2015ರಲ್ಲಿ ತಮಿಳಿನಲ್ಲೂ ಬಂತು. ಜನರಿಗೆ ಕಷ್ಟದ ಕಥೆ ಬೇಡ ಎನ್ನುವವರಿಗೆ ಆ 110 ಜನರೇ ಉತ್ತರ.

ಹಾಗಾದರೆ ನಮಗೆ ಏನಾಗಿದೆ? ಸಿನಿಮಾ ಮುಗಿದ ಮರುಕ್ಷಣವೇ ಯೂಟ್ಯೂಬಿನಲ್ಲಿ ‘ಎಂಡಿಂಗ್’ ವಿವರಿಸುವ ವಿಡಿಯೋ ಹುಡುಕುತ್ತೇವೆ. ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ, ಮರುದಿನ ಮರೆತೂ ಹೋಗುತ್ತದೆ. ಪಾಠವನ್ನೂ ಹೀಗೇ ಓದುತ್ತಿದ್ದೇವೆ. ಪ್ರಶ್ನೆ ಓದುವ ಮೊದಲೇ ಗೈಡಿನಲ್ಲಿ ಉತ್ತರ ನೋಡುತ್ತೇವೆ. ಕ್ಲಾಸಿನಲ್ಲಿ ‘ಅರ್ಥ ಆಯ್ತಾ?’ ಎಂದ ಕೂಡಲೇ ಅರವತ್ತು ಜನ ಒಂದೇ ದನಿಯಲ್ಲಿ ‘ಆಯ್ತು ಸರ್’ ಎನ್ನುತ್ತೇವೆ. ಆಗಿರುವುದಿಲ್ಲ ಎಂಬುದು ನಮಗೂ ಗೊತ್ತು, ಸರ್‌ಗೂ ಗೊತ್ತು. ಉರ್ದು ಮೀಡಿಯಮ್ಮಿನಿಂದ ಬಂದ ನನ್ನ ಕೆಲವು ಗೆಳೆಯರು ಇಡೀ ವರ್ಷ ಹೀಗೆ ‘ಆಯ್ತು’ ಎನ್ನುತ್ತಲೇ ಕಳೆದು, ಪರೀಕ್ಷೆ ಹತ್ತಿರ ಬಂದಾಗ ಒಬ್ಬರೇ ಕೂತು ಅಳುತ್ತಾರೆ. ಇದು ಸಿನಿಮಾದ ಮಾತಲ್ಲ, ನಿಜದ ಮಾತು.

ಗೆಳೆಯರಿಗೆ ನನ್ನ ಕೋರಿಕೆ ಇಷ್ಟೇ. ‘ಲೂಸಿಯಾ’ ನೋಡಿ, ಒಂದು ದಿನವಾದರೂ ವಿವರಣೆ ಹುಡುಕಬೇಡಿ. ಮನೆಯವರ ಜೊತೆ ಜಗಳ ಆಡಿ, ಬೇಕಾದರೆ ಇನ್ನೊಮ್ಮೆ ನೋಡಿ. ಉಪನ್ಯಾಸಕರಲ್ಲೂ ಒಂದು ವಿನಂತಿ ಇದೆ. ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಗೆ ನಮ್ಮ ಬಳಿ ಒಂದೇ ಉತ್ತರ ಇರುವುದು ನಿಮಗೆ ಗೊತ್ತೇ ಇದೆ. ದಯವಿಟ್ಟು ‘ಎಲ್ಲಿಯವರೆಗೆ ಅರ್ಥ ಆಯ್ತು?’ ಎಂದು ಕೇಳಿ. ಆಗ ನಾವೂ ನಿಜ ಹೇಳುತ್ತೇವೆ.