ಫಾಂಟು ಹೋದರೆ ಕನ್ನಡವೂ ಹೋಗಬೇಕೆ?

ಈಚೆಗೆ ಒಂದು ಪತ್ರಿಕೆಗೆ ಕತೆ ಕಳಿಸಿದ್ದೆ. ಮರುದಿನವೇ ಫೋನು ಬಂತು. "ಸರ್, ಇದು ಯೂನಿಕೋಡಿನಲ್ಲಿದೆ, ನಮ್ಮ ಪೇಜು ಮಾಡುವವರಿಗೆ ಕಷ್ಟ. ಹಳೇ ಫಾಂಟಿಗೆ ಹಾಕಿ ಕಳಿಸಿಬಿಡಿ." ಕತೆ ಹೇಗಿದೆ ಎಂಬ ಮಾತೇ ಇಲ್ಲ. ನಾನು ಹಾಕಲಿಲ್ಲ, ಕತೆ ಅಚ್ಚಾಗಲಿಲ್ಲ. ಹಟಮಾರಿ ಎನ್ನಿ, ಅಡ್ಡಿಯಿಲ್ಲ. ಆದರೆ ಈ ಹಟಕ್ಕೊಂದು ಕಾರಣವಿದೆ.

2004ರ ಸುಮಾರಿಗೆ ನಾನು ಬರೆದ ಹನ್ನೊಂದು ಕತೆಗಳು ಒಂದು ಸಿ.ಡಿ.ಯಲ್ಲಿದ್ದವು. ವರ್ಷಗಳ ನಂತರ ತೆರೆದರೆ ಕಂಡದ್ದು ತಲೆಯ ಮೇಲೆ ಗೀಟೆಳೆದುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಆಮೇಲೆ ತಿಳಿಯಿತು, ಆ ಕಡತದೊಳಗೆ ಕನ್ನಡ ಎಂದೂ ಇರಲೇ ಇಲ್ಲ. ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು. ಅವುಗಳಿಗೆ ಕನ್ನಡದ ಮುಖವಾಡ ತೊಡಿಸುತ್ತಿದ್ದುದು ಫಾಂಟು. ಅದನ್ನು ಮಾಡಿದವರು ಅಂಗಡಿ ಮುಚ್ಚಿದ್ದರು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು ಅವರು ಹೊರಗೆ ಕೊಟ್ಟಿರಲೇ ಇಲ್ಲ. ಅಚ್ಚಾದ ಹಳೆಯ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು ನಾನೇ ಪಟ್ಟಿ ಮಾಡಿದೆ. ಅಕ್ಷರಗಳೇನೋ ಬಂದವು, ಅರ್ಕಾವತ್ತುಗಳು ಮಾತ್ರ ಪಕ್ಕದ ಅಕ್ಷರಕ್ಕೆ ಜಿಗಿದು ಕೂತವು. ಏಳು ಕತೆಗಳನ್ನು ಉಳಿಸಿಕೊಂಡೆ. ನಾಲ್ಕು ಇನ್ನೂ ಸಿಕ್ಕಿಲ್ಲ.

ಆ ಕಾಲದ ಫಾಂಟುಗಳನ್ನು ನಾನು ಹಳಿಯುತ್ತಿಲ್ಲ. ಒತ್ತಕ್ಷರ ಮೂಡಿಸಲು ಕಂಪ್ಯೂಟರುಗಳೇ ಒದ್ದಾಡುತ್ತಿದ್ದಾಗ ನಮ್ಮ ಪತ್ರಿಕೆ, ಪುಸ್ತಕಗಳನ್ನು ಹೊರತಂದದ್ದು ಅವೇ. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಇಂದಿಗೂ "ಕಷ್ಟ" ಎನ್ನುವುದು ಕಷ್ಟವಲ್ಲ, ಸೋಮಾರಿತನ. ಮುಖವಾಡದ ಕನ್ನಡವನ್ನು ಗೂಗಲಿನಲ್ಲಿ ಹುಡುಕಲಾಗದು. ಕಣ್ಣು ಕಾಣದ ಓದುಗರಿಗೆ ಪಠ್ಯವನ್ನು ಓದಿಹೇಳುವ ತಂತ್ರಾಂಶ ಅಲ್ಲಿ ಬಡಬಡಿಸುತ್ತದೆ, ಓದುವುದಿಲ್ಲ. ಒಬ್ಬ ಓದುಗನನ್ನು ಬಾಗಿಲಲ್ಲೇ ತಡೆದು, ಕನ್ನಡಕ್ಕೆ ಓದುಗರಿಲ್ಲ ಎಂದು ವೇದಿಕೆಯಲ್ಲಿ ಕೊರಗುವುದು ಯಾವ ನ್ಯಾಯ?

ಪುಟವಿನ್ಯಾಸದ ನೆಪವೂ ಬೇಡ. ಬಿಟ್ಟಿಯಾಗಿ ಸಿಗುವ ಸ್ಕ್ರೈಬಸ್ 2017ರಲ್ಲಿ ಬಂದ 1.5.3 ಆವೃತ್ತಿಯಿಂದಲೇ ಭಾರತೀಯ ಲಿಪಿಗಳನ್ನು ಜೋಡಿಸಬಲ್ಲದು.

"ಮುಕ್ತ ತಂತ್ರಾಂಶ ಎಂಜಿನಿಯರುಗಳ ಖಯಾಲಿ, ಸಾಹಿತಿಗಳಿಗೇಕೆ?" ಎಂದು ಗೆಳೆಯರು ಕೇಳುತ್ತಾರೆ. ಅದನ್ನು ಅವರು ಕೇಳುವುದು ಆಂಡ್ರಾಯ್ಡ್ ಫೋನಿನಿಂದ. ಅದರಲ್ಲಿ "ಸಾಹಿತ್ಯ" ಎಂಬ ಪದದ ಯ-ಒತ್ತನ್ನು ತಂದು ಸರಿಯಾಗಿ ಕೂರಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸುಗಳಲ್ಲೂ ಅದೇ. ನಾವು ದಿನವೂ ಅದರ ಋಣದಲ್ಲೇ ಓದುತ್ತಿದ್ದೇವೆ, ಹೆಸರು ಗೊತ್ತಿಲ್ಲ ಅಷ್ಟೆ.

ನನ್ನದು ಸರಳ ದಿನಚರಿ. ಹಳೆಯ ಲ್ಯಾಪ್‌ಟಾಪು, ಅದರಲ್ಲಿ ಲಿನಕ್ಸು, ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ. ಬರೆಯುವುದು ಬರಿಯ ಪಠ್ಯದ ಕಡತದಲ್ಲಿ. ಅಲಂಕಾರ ಬೇಕಾದಾಗ ಲಿಬ್ರೆ ಆಫೀಸು. ಅದು ಉಳಿಸುವ ಓ.ಡಿ.ಎಫ್. ಕಡತ 2006ರಿಂದ ಅಂತರರಾಷ್ಟ್ರೀಯ ಮಾನಕ. ಅದರ ನಿಯಮಗಳನ್ನು ಯಾರು ಬೇಕಾದರೂ ಓದಬಹುದು. ಎಲ್ಲವೂ ಸುಗಮ ಎಂದು ಬುರುಡೆ ಬಿಡಲಾರೆ. ಒಂದು ಪ್ರಿಂಟರಿನ ಜೊತೆ ಇಡೀ ರಾತ್ರಿ ಕುಸ್ತಿ ಮಾಡಿದ್ದೇನೆ. ಆದರೆ ಪ್ರಿಂಟರು ಕೈಕೊಟ್ಟರೆ ಹೋಗುವುದು ಒಂದು ರಾತ್ರಿ. ಬೀಗದ ಕೀಲಿ ಬೇರೆಯವರ ಜೇಬಿನಲ್ಲಿದ್ದರೆ ಹೋಗುವುದು ಬರವಣಿಗೆಯೇ.

ವಿದ್ಯಾರ್ಥಿಗಳಿಗೆ ಒಂದೇ ಮಾತು. ಲಿನಕ್ಸನ್ನೇ ಹಾಕಿಕೊಳ್ಳಿ ಎನ್ನುವುದಿಲ್ಲ. ವಿಂಡೋಸಿನಲ್ಲೇ ಇರಿ, ಆದರೆ ಪ್ರಬಂಧವನ್ನಾಗಲಿ ಪದ್ಯವನ್ನಾಗಲಿ ಯೂನಿಕೋಡಿನಲ್ಲಿ ಬರೆಯಿರಿ. ಹಳೇ ಫಾಂಟಿಗೆ ಹಾಕಿ ಎಂದು ಯಾರಾದರೂ ಕೇಳಿದರೆ, ಏಕೆ ಎಂದು ಒಮ್ಮೆ ತಿರುಗಿ ಕೇಳಿ. ನನ್ನನ್ನು ಆಗ ಯಾರೂ ಎಚ್ಚರಿಸಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೆ ತೆತ್ತ ದಂಡ ನಾಲ್ಕು ಕತೆ.