ಯೋಜನಾ ಪ್ರಕ್ರಿಯೆಯಲ್ಲಿ ಯುವಜನರ ಸ್ಥಾನ: ಮಕ್ಕಳ ಗ್ರಾಮ ಸಭೆಯಿಂದ ಗ್ರಾಮ ಸಭೆಯವರೆಗೆ

ಪೀಠಿಕೆ

ದೇಶದ ಅಭಿವೃದ್ಧಿ ಯೋಜನೆಗಳನ್ನು ರೂಪಿಸುವ ಹಾಗೂ ಆ ಕುರಿತು ತೀರ್ಮಾನ ಕೈಗೊಳ್ಳುವ ಹಂತದಲ್ಲಿಯೇ ಯುವಜನರು ಪಾಲ್ಗೊಳ್ಳಬೇಕೆಂಬುದನ್ನು ಸರ್ಕಾರದ ನೀತಿಗಳು ಹಲವು ವರ್ಷಗಳಿಂದ ಪ್ರತಿಪಾದಿಸುತ್ತಾ ಬಂದಿವೆ. 1988, 2003 ಮತ್ತು 2014ರಲ್ಲಿ ರಾಷ್ಟ್ರೀಯ ಯುವ ನೀತಿಗಳನ್ನು ಪ್ರಕಟಿಸಲಾಯಿತು. 2014ರ ನೀತಿಯು 15ರಿಂದ 29 ವರ್ಷ ವಯೋಮಾನದವರನ್ನು ಯುವಜನರೆಂದು ಪರಿಗಣಿಸಿದ್ದು, 2011ರ ಜನಗಣತಿಯಂತೆ ಈ ವಯೋಮಾನದವರು ದೇಶದ ಜನಸಂಖ್ಯೆಯ ಶೇ 27ಕ್ಕೂ ಹೆಚ್ಚಿನ ಪ್ರಮಾಣದಲ್ಲಿದ್ದರು. ಇಷ್ಟು ದೊಡ್ಡ ಸಮುದಾಯದ ಅಭಿಪ್ರಾಯವು ಯೋಜನೆಯೊಳಗೆ ಯಾವ ಮಾರ್ಗವಾಗಿ ಪ್ರವೇಶಿಸುತ್ತದೆ, ಆ ಮಾರ್ಗವು ಎಲ್ಲಿ ಕಡಿದುಹೋಗುತ್ತದೆ ಎಂಬುದನ್ನು ಕರ್ನಾಟಕದ ಪಂಚಾಯತ್ ರಾಜ್ ವ್ಯವಸ್ಥೆಯ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ಯೋಜನೆ ರೂಪುಗೊಳ್ಳುವ ಸ್ಥಳ

1950ರಲ್ಲಿ ರಚನೆಯಾದ ಯೋಜನಾ ಆಯೋಗದ ಕಾಲದಲ್ಲಿ ಪಂಚವಾರ್ಷಿಕ ಯೋಜನೆಗಳು ದೆಹಲಿಯಲ್ಲಿ ಸಿದ್ಧವಾಗುತ್ತಿದ್ದವು. 2015ರ ಜನವರಿ 1ರಂದು ಆಯೋಗದ ಸ್ಥಾನದಲ್ಲಿ ನೀತಿ ಆಯೋಗವು ಅಸ್ತಿತ್ವಕ್ಕೆ ಬಂದಿತು. 12ನೇ ಪಂಚವಾರ್ಷಿಕ ಯೋಜನೆಯು 2017ರಲ್ಲಿ ಮುಕ್ತಾಯಗೊಂಡ ಬಳಿಕ ಆ ಪದ್ಧತಿಯೇ ಕೊನೆಗೊಂಡಿತು. ಇದೇ ಅವಧಿಯಲ್ಲಿ, 14ನೇ ಹಣಕಾಸು ಆಯೋಗದ ಶಿಫಾರಸಿನಂತೆ 2015–20ರ ಸಾಲಿಗೆ ದೇಶದ ಗ್ರಾಮ ಪಂಚಾಯಿತಿಗಳಿಗೆ ಎರಡು ಲಕ್ಷ ಕೋಟಿ ರೂಪಾಯಿಗಳಿಗೂ ಹೆಚ್ಚಿನ ಅನುದಾನ ನಿಗದಿಯಾಯಿತು. ಈ ಅನುದಾನದ ಬಳಕೆಗಾಗಿ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನದೇ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಕ್ರಮ ಜಾರಿಗೆ ಬಂದಿತು. ಕರ್ನಾಟಕದಲ್ಲಿ ಈ ಪ್ರಕ್ರಿಯೆಯನ್ನು "ನಮ್ಮ ಗ್ರಾಮ ನಮ್ಮ ಯೋಜನೆ" ಎಂಬ ಹೆಸರಿನಲ್ಲಿ ಕೈಗೊಳ್ಳಲಾಗಿದೆ.

ಈ ಬದಲಾವಣೆಯ ಪರಿಣಾಮವಾಗಿ, ಸಾಮಾನ್ಯ ಪ್ರಜೆಯೊಬ್ಬರು ಚುನಾಯಿತ ಪ್ರತಿನಿಧಿಯಾಗದೆಯೂ ಖುದ್ದಾಗಿ ಹಾಜರಾಗಿ ಯೋಜನೆಯ ಬಗ್ಗೆ ಮಾತನಾಡಲು ಕಾನೂನಿನಲ್ಲಿಯೇ ಅವಕಾಶವಿರುವ ವೇದಿಕೆಯೆಂದರೆ ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳಾಗಿವೆ. ಸಂವಿಧಾನದ 243ಜೆಡ್‌ಡಿ ಅನುಚ್ಛೇದದನ್ವಯ ರಚನೆಯಾಗುವ ಜಿಲ್ಲಾ ಯೋಜನಾ ಸಮಿತಿಯಲ್ಲಿ ಕನಿಷ್ಠ ಐದನೇ ನಾಲ್ಕು ಭಾಗದಷ್ಟು ಸದಸ್ಯರು ಜಿಲ್ಲೆಯ ಪಂಚಾಯಿತಿ ಹಾಗೂ ನಗರ ಸ್ಥಳೀಯ ಸಂಸ್ಥೆಗಳ ಚುನಾಯಿತ ಸದಸ್ಯರೇ ಆಗಿರಬೇಕಾಗುತ್ತದೆ. ಆದುದರಿಂದ ಯುವಜನರ ಪಾಲ್ಗೊಳ್ಳುವಿಕೆಯ ಪ್ರಶ್ನೆಯು ಪ್ರಧಾನವಾಗಿ ಗ್ರಾಮ ಸಭೆಯ ಪ್ರಶ್ನೆಯೇ ಆಗಿದೆ.

ಕಾನೂನು ಮತ್ತು ವಯೋಮಿತಿ

ಸಂವಿಧಾನದ 61ನೇ ತಿದ್ದುಪಡಿಯ ಮೂಲಕ 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲಾಯಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿಯು ಗ್ರಾಮದ ಮತದಾರರ ಪಟ್ಟಿಯಲ್ಲಿ ನೋಂದಾಯಿತರಾದ ಎಲ್ಲರನ್ನೂ ಒಳಗೊಂಡ ಸಭೆಯೇ ಗ್ರಾಮ ಸಭೆಯೆಂದು ನಿರೂಪಿಸಿತು. ಪಂಚಾಯಿತಿ ಸದಸ್ಯತ್ವಕ್ಕೆ ಸ್ಪರ್ಧಿಸಲು 21 ವರ್ಷ, ವಿಧಾನಸಭೆ ಹಾಗೂ ಲೋಕಸಭೆಗೆ 25 ವರ್ಷ ತುಂಬಿರಬೇಕು. ಈ 25 ವರ್ಷಗಳ ಮಿತಿಯನ್ನು 18ಕ್ಕೆ ಇಳಿಸುವಂತೆ ಸಂಸತ್ತಿನ ಸ್ಥಾಯಿ ಸಮಿತಿಯೊಂದು 2023ರಲ್ಲಿ ಶಿಫಾರಸು ಮಾಡಿರುತ್ತದೆ.

ಮೇಲಿನ ಅಂಶಗಳನ್ನು ಒಟ್ಟಾಗಿ ಗಮನಿಸಿದಾಗ ಸಾಮಾನ್ಯವಾಗಿ ಕಡೆಗಣಿಸಲ್ಪಡುವ ಒಂದು ಸಂಗತಿ ಸ್ಪಷ್ಟವಾಗುತ್ತದೆ. 18 ತುಂಬಿದ ಯುವಕ ಅಥವಾ ಯುವತಿಯು ಮತದಾರರ ಪಟ್ಟಿಗೆ ಸೇರಿದ ದಿನದಿಂದಲೇ ಗ್ರಾಮ ಸಭೆಯ ಪೂರ್ಣ ಸದಸ್ಯರಾಗುತ್ತಾರೆ. ಅದಕ್ಕೆ ಪ್ರತ್ಯೇಕ ಅರ್ಜಿಯಾಗಲಿ, ಆಯ್ಕೆಯಾಗಲಿ, ಯಾರ ಅನುಮತಿಯಾಗಲಿ ಅಗತ್ಯವಿರುವುದಿಲ್ಲ. ಚುನಾವಣೆಯು ಐದು ವರ್ಷಗಳಿಗೊಮ್ಮೆ ಬರುತ್ತದೆ; ಗ್ರಾಮ ಸಭೆಯನ್ನಾದರೋ ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕಾಗುತ್ತದೆ.

ಮಕ್ಕಳ ಗ್ರಾಮ ಸಭೆಯ ಅನುಭವ

ಈ ವಿಷಯದಲ್ಲಿ ಕರ್ನಾಟಕಕ್ಕೆ ವಿಶಿಷ್ಟವಾದ ಅನುಭವವಿದೆ. ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯಕ್ಕೆ ಮನ್ನಣೆ ನೀಡಬೇಕೆಂದು ವಿಧಿಸುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 1992ರಲ್ಲಿ ಅಂಗೀಕರಿಸಿತು. 1990ರ ದಶಕದಲ್ಲಿಯೇ ಕುಂದಾಪುರ ತಾಲ್ಲೂಕಿನ ಕೆರಾಡಿ ಮುಂತಾದ ಗ್ರಾಮಗಳಲ್ಲಿ, ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘ ಹಾಗೂ ಸ್ವಯಂಸೇವಾ ಸಂಸ್ಥೆಯ ಪ್ರಯತ್ನದಿಂದ ಮಕ್ಕಳ ಪಂಚಾಯಿತಿಗಳು ರೂಪುಗೊಂಡವು. 10ನೇ ಪಂಚವಾರ್ಷಿಕ ಯೋಜನೆಯ (2002–07) ಸಂದರ್ಭದಲ್ಲಿ ಈ ತಾಲ್ಲೂಕಿನ ಮಕ್ಕಳು ತಮ್ಮ ಗ್ರಾಮಗಳ ಸ್ಥಿತಿಗತಿಯ ಮಾಹಿತಿಯನ್ನು ತಾವೇ ಸಂಗ್ರಹಿಸಿ, ಅದರ ಆಧಾರದ ಮೇಲೆ ಬೇಡಿಕೆಗಳನ್ನು ಸಿದ್ಧಪಡಿಸಿ ಪಂಚಾಯಿತಿಗಳ ಮುಂದಿಟ್ಟರು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕವಿಲ್ಲದಿದ್ದರೆ ಶಾಲೆಗೆ ಹೋಗುವುದು ಹೇಗೆ ನಿಲ್ಲುತ್ತದೆ ಎಂಬುದು ಕರಾವಳಿ ಹಾಗೂ ಮಲೆನಾಡಿನ ಮಕ್ಕಳಿಗೆ ತಿಳಿದಿರುವಷ್ಟು ನಿಖರವಾಗಿ ಯಾವ ಕಡತದಲ್ಲಿಯೂ ದಾಖಲಾಗಿರುವುದಿಲ್ಲ.

ತರುವಾಯ 2006ರಲ್ಲಿ ರಾಜ್ಯ ಸರ್ಕಾರವು ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಸುವಂತೆ ಆದೇಶಿಸಿತು. ಸಾಮಾನ್ಯವಾಗಿ ನವೆಂಬರ್ ತಿಂಗಳಿನಲ್ಲಿ, ಮಕ್ಕಳ ದಿನಾಚರಣೆಯ ಸಂದರ್ಭದಲ್ಲಿ ನಡೆಯುವ ಈ ಸಭೆಗಳಲ್ಲಿ ಶಾಲಾ ಶೌಚಾಲಯ, ಆಟದ ಮೈದಾನ, ಬಸ್ ಸೌಕರ್ಯ, ಬೀದಿದೀಪ, ಬಾಲ್ಯವಿವಾಹ, ಶಾಲೆಯ ಸಮೀಪದ ಮದ್ಯ ಮಾರಾಟ ಮುಂತಾದ ವಿಷಯಗಳು ಚರ್ಚೆಗೆ ಬರುತ್ತವೆ. ಸಭೆಯಲ್ಲಿ ಪಂಚಾಯಿತಿ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಹಾಗೂ ಸಂಬಂಧಪಟ್ಟ ಇಲಾಖೆಗಳ ಅಧಿಕಾರಿಗಳು ಮಕ್ಕಳ ಪ್ರಶ್ನೆಗಳಿಗೆ ಎದುರಿನಲ್ಲಿಯೇ ಉತ್ತರಿಸಬೇಕಾಗುತ್ತದೆ. ಈ ವ್ಯವಸ್ಥೆಯ ಸತ್ವವಿರುವುದು ಉತ್ತರಿಸುವ ಈ ಹೊಣೆಯಲ್ಲಿಯೇ. ಹಿಂದಿನ ವರ್ಷದ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಓದಿ ಹೇಳುವ ಪಂಚಾಯಿತಿಯಲ್ಲಿ ಮಕ್ಕಳ ಉತ್ಸಾಹ ಉಳಿಯುತ್ತದೆ; ಭಾಷಣ ಮತ್ತು ಸಿಹಿ ಹಂಚಿಕೆಗೆ ಸೀಮಿತವಾದಲ್ಲಿ ಮೂರನೆಯ ವರ್ಷಕ್ಕೆ ಪ್ರಶ್ನೆ ಕೇಳುವವರೇ ಇರುವುದಿಲ್ಲ.

18ರ ನಂತರದ ಅಂತರ

17ನೆಯ ವಯಸ್ಸಿನವರೆಗೆ ಪ್ರತ್ಯೇಕ ಸಭೆ, 18ರ ನಂತರ ಗ್ರಾಮ ಸಭೆಯ ಸದಸ್ಯತ್ವ ಎಂಬ ಏರ್ಪಾಡು ಕಾಗದದ ಮೇಲೆ ನಿರಂತರವಾಗಿಯೇ ಇದೆ. ಆದರೆ ಆಚರಣೆಯಲ್ಲಿ ಈ ಕೊಂಡಿಯು ಸಡಿಲವಾಗಿರುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಸ್ಥಳಾಂತರ. ಪ್ರಥಮ ದರ್ಜೆ ಕಾಲೇಜು, ಐಟಿಐ ಅಥವಾ ಉದ್ಯೋಗಕ್ಕಾಗಿ ಯುವಜನರು ತಾಲ್ಲೂಕು ಕೇಂದ್ರಗಳಿಗೂ ನಗರಗಳಿಗೂ ತೆರಳುವುದು ಇದೇ ವಯಸ್ಸಿನಲ್ಲಿ. ಕೆಲಸದ ದಿನದಂದು ನಡೆಯುವ ಗ್ರಾಮ ಸಭೆಗೆ ಅವರು ಬರಲಾರರು. ವಿವಾಹವಾಗಿ ಬೇರೆ ಊರಿಗೆ ಹೋದ ಯುವತಿಯ ಹೆಸರು ತವರಿನ ಪಟ್ಟಿಯಲ್ಲಿಯೇ ಉಳಿದಿದ್ದಲ್ಲಿ, ಆಕೆ ವಾಸಿಸುವ ಊರಿನ ಗ್ರಾಮ ಸಭೆಯಲ್ಲಿ ಆಕೆಗೆ ಸದಸ್ಯತ್ವವೇ ಇರುವುದಿಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ಧೈರ್ಯವಾಗಿ ಮಾತನಾಡಿದ ವಿದ್ಯಾರ್ಥಿನಿಯು ಐದೇ ವರ್ಷಗಳಲ್ಲಿ ಯೋಜನಾ ಪ್ರಕ್ರಿಯೆಯಿಂದ ಪೂರ್ಣವಾಗಿ ಮರೆಯಾಗಲು ಇಷ್ಟೇ ಸಾಕಾಗುತ್ತದೆ.

ಎರಡನೆಯದು, ಸಭೆಯ ಸ್ವರೂಪ. ಫಲಾನುಭವಿಗಳ ಆಯ್ಕೆಯೇ ಪ್ರಧಾನ ವಿಷಯವಾದ ಸಭೆಗಳಿಗೆ ಮನೆಯ ಹಿರಿಯರೊಬ್ಬರು ಹೋಗಿಬಂದರೆ ಸಾಕೆಂಬ ಭಾವನೆ ಬೇರೂರಿದೆ. ಹಿರಿಯರೆದುರು ಲೆಕ್ಕ ಕೇಳುವುದು ಅವಿಧೇಯತೆಯೆಂಬ ಸಂಕೋಚವೂ ಇದಕ್ಕೆ ಸೇರಿಕೊಳ್ಳುತ್ತದೆ.

ಮೂರನೆಯದು, ಅನುದಾನದ ರಚನೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣ, ಗ್ರಂಥಾಲಯ, ಸಾಂಸ್ಕೃತಿಕ ಚಟುವಟಿಕೆ ಇವುಗಳಲ್ಲಿ ಸೇರಿದ್ದರೂ ಯುವಜನ ಕಲ್ಯಾಣವಾಗಲಿ ಕ್ರೀಡೆಯಾಗಲಿ ಪ್ರತ್ಯೇಕ ವಿಷಯವಾಗಿ ನಮೂದಾಗಿರುವುದಿಲ್ಲ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಡಲಾಗಿತ್ತು. ಈ ಆದ್ಯತೆ ಸಕಾರಣವಾದುದೇ ಆಗಿದ್ದರೂ, ವಾಚನಾಲಯ, ಆಟದ ಮೈದಾನ ಅಥವಾ ಗಣಕಯಂತ್ರ ತರಬೇತಿಯಂತಹ ಬೇಡಿಕೆಗಳು ಉಳಿದ ಶೇ 40ರಲ್ಲಿ ಅಥವಾ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ರಸ್ತೆ, ಚರಂಡಿ, ಬೀದಿದೀಪಗಳೊಡನೆ ಪೈಪೋಟಿ ನಡೆಸಬೇಕಾಯಿತು. ಇಂತಹ ಪೈಪೋಟಿಯಲ್ಲಿ ಸಭೆಗೆ ಬಾರದವರ ಬೇಡಿಕೆಯು ಮೊದಲು ಕೈಬಿಡಲ್ಪಡುವುದು ಸಹಜ.

ಪಾಲ್ಗೊಳ್ಳುವಿಕೆಯ ಅಳತೆಗೋಲು

ಯುವ ಸಮಾವೇಶ, ಪ್ರಬಂಧ ಸ್ಪರ್ಧೆ, ಜಾಥಾ ಮುಂತಾದ ಕಾರ್ಯಕ್ರಮಗಳಿಗೆ ತಮ್ಮದೇ ಆದ ಉಪಯೋಗವಿದೆ. ಆದರೆ ಅವುಗಳಲ್ಲಿ ಭಾಗವಹಿಸಿದವರ ಸಂಖ್ಯೆಯು ತೀರ್ಮಾನ ಕೈಗೊಳ್ಳುವಲ್ಲಿ ಯುವಜನರ ಪಾತ್ರವನ್ನು ತಿಳಿಸುವುದಿಲ್ಲ. ಅದನ್ನು ತಿಳಿಯಲು ಮೂರು ಪ್ರಶ್ನೆಗಳು ಸಾಕಾಗುತ್ತವೆ: ಯುವಜನರು ಮಂಡಿಸಿದ ಬೇಡಿಕೆಯು ಸಭಾ ನಡವಳಿಯಲ್ಲಿ ದಾಖಲಾಯಿತೇ? ಅದು ಅಂದಾಜು ವೆಚ್ಚದೊಡನೆ ಯೋಜನೆಯಲ್ಲಿ ಸೇರ್ಪಡೆಯಾಯಿತೇ? ಸೇರದಿದ್ದಲ್ಲಿ ಅದರ ಕಾರಣವನ್ನು ಸಭೆಗೆ ತಿಳಿಸಲಾಯಿತೇ?

ಎಲ್ಲ ಬೇಡಿಕೆಗಳನ್ನೂ ಈಡೇರಿಸಲು ಯಾವ ಪಂಚಾಯಿತಿಗೂ ಸಾಧ್ಯವಿಲ್ಲ. ಕಾರಣಸಹಿತವಾದ ನಿರಾಕರಣೆಯೂ ಒಂದು ಉತ್ತರವೇ ಆಗಿದ್ದು, ಅದು ಮುಂದಿನ ಬೇಡಿಕೆಯನ್ನು ಉತ್ತಮಪಡಿಸುತ್ತದೆ. ಉತ್ತರವೇ ದೊರೆಯದ ಮೌನ ಮಾತ್ರ ಯುವಜನರನ್ನು ಸಭೆಯಿಂದ ದೂರವಿರಿಸುತ್ತದೆ. ಮಕ್ಕಳ ಗ್ರಾಮ ಸಭೆಗೆ ಇರುವ ಅನುಪಾಲನಾ ವರದಿಯ ಪದ್ಧತಿಯನ್ನು 18ರಿಂದ 29ರ ವಯೋಮಾನದವರ ಬೇಡಿಕೆಗಳಿಗೂ ಅನ್ವಯಿಸುವುದು, ಸಭೆಯನ್ನು ರಜಾ ದಿನದಂದು ಅಥವಾ ಕಾಲೇಜು ವಿದ್ಯಾರ್ಥಿಗಳು ಊರಿನಲ್ಲಿರುವ ಹಬ್ಬದ ಅವಧಿಯಲ್ಲಿ ಏರ್ಪಡಿಸುವುದು, ಪಂಚಾಯಿತಿ ಗ್ರಂಥಾಲಯಗಳಲ್ಲಿ ಯೋಜನೆಯ ಪ್ರತಿಯನ್ನು ಓದಲು ಇಡುವುದು ಹೆಚ್ಚಿನ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳಾಗಿವೆ.

ಸಾರ್ವಜನಿಕರ ಮಾಹಿತಿಗಾಗಿ

ಯೋಜನಾ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳಲಿಚ್ಛಿಸುವ ಯುವಜನರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು ನಮೂನೆ 6ರಲ್ಲಿ ಅರ್ಜಿ ಸಲ್ಲಿಸಬೇಕು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಅರ್ಹತಾ ದಿನಾಂಕಗಳಾಗಿರುತ್ತವೆ. 17 ವರ್ಷ ತುಂಬಿದವರು ಮುಂಗಡವಾಗಿ ಅರ್ಜಿ ಸಲ್ಲಿಸಬಹುದಾಗಿದ್ದು, 18 ತುಂಬಿದ ಬಳಿಕ ಬರುವ ಅರ್ಹತಾ ದಿನಾಂಕಕ್ಕೆ ಅನುಗುಣವಾಗಿ ನೋಂದಣಿಯಾಗುತ್ತದೆ.

2. ವಾಸಸ್ಥಳ ಬದಲಾದಲ್ಲಿ ನಮೂನೆ 8ರಲ್ಲಿ ಅರ್ಜಿ ಸಲ್ಲಿಸಬೇಕು. ವಿವಾಹಾನಂತರ ಬೇರೆ ಊರಿನಲ್ಲಿ ನೆಲೆಸಿದವರು ಇದನ್ನು ವಿಶೇಷವಾಗಿ ಗಮನಿಸುವುದು. ವಿದ್ಯಾರ್ಥಿನಿಲಯಗಳಲ್ಲಿರುವ ವಿದ್ಯಾರ್ಥಿಗಳು ಸ್ವಂತ ಊರು ಅಥವಾ ನಿಲಯದ ಸ್ಥಳ, ಇವೆರಡರಲ್ಲಿ ಒಂದು ಕಡೆ ಮಾತ್ರ ನೋಂದಾಯಿಸಿಕೊಳ್ಳಬಹುದು. ಗ್ರಾಮ ಸಭೆಯ ಸದಸ್ಯತ್ವವು ಈ ಆಯ್ಕೆಯನ್ನು ಅವಲಂಬಿಸಿರುತ್ತದೆ.

3. ಮತದಾರರ ಪಟ್ಟಿಗೆ ಸಂಬಂಧಿಸಿದ ಮಾಹಿತಿಗೆ ದೂರವಾಣಿ ಸಂಖ್ಯೆ 1950ನ್ನು ಅಥವಾ ಮತಗಟ್ಟೆ ಮಟ್ಟದ ಅಧಿಕಾರಿಗಳನ್ನು ಸಂಪರ್ಕಿಸಬಹುದು.

4. ಮುಂದಿನ ಆರ್ಥಿಕ ವರ್ಷದ ಗ್ರಾಮ ಪಂಚಾಯಿತಿ ಯೋಜನೆಯ ತಯಾರಿಕೆಯು ಸಾಮಾನ್ಯವಾಗಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಬೇಡಿಕೆಗಳನ್ನು ಮೊದಲು ವಾರ್ಡ್ ಸಭೆಯಲ್ಲಿ ಮಂಡಿಸಿ, ನಡವಳಿಯಲ್ಲಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳುವುದು. ಲಿಖಿತ ಬೇಡಿಕೆಯಲ್ಲಿ ಕಾಮಗಾರಿಯ ಸ್ಥಳ, ಪ್ರಯೋಜನ ಪಡೆಯುವವರು ಹಾಗೂ ಅಗತ್ಯದ ಕಾರಣವನ್ನು ನಮೂದಿಸುವುದು ಸೂಕ್ತ.

5. ಅನುಮೋದಿತ ಯೋಜನೆಯನ್ನು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ವೀಕ್ಷಿಸಬಹುದು. ಸಭಾ ನಡವಳಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಿ ಪಡೆಯಬಹುದಾಗಿದ್ದು, ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ಒದಗಿಸಬೇಕಾಗಿರುತ್ತದೆ.

ನಮೂನೆ 6ನ್ನು ಮತದಾನದ ಗುರುತಿನ ಚೀಟಿ ಪಡೆಯುವ ಅರ್ಜಿಯೆಂದಷ್ಟೇ ಬಹುತೇಕರು ತಿಳಿದಿರುತ್ತಾರೆ. ವಾಸ್ತವದಲ್ಲಿ ಅದು ತಮ್ಮ ಊರಿನ ಯೋಜನೆಯನ್ನು ಚರ್ಚಿಸುವ ಸಭೆಯಲ್ಲಿ ಸ್ಥಾನ ಪಡೆಯುವ ಅರ್ಜಿಯೂ ಆಗಿರುತ್ತದೆ. ಆ ಸ್ಥಾನವನ್ನು ಪಡೆದು ಸಭೆಗೆ ಹಾಜರಾಗುವುದು ಯುವಜನರ ಹೊಣೆಯಾದರೆ, ಹಾಜರಾದವರಿಗೆ ಉತ್ತರ ನೀಡುವುದು ಪಂಚಾಯಿತಿಯ ಹೊಣೆಯಾಗಿರುತ್ತದೆ.