ಕಿಟಕಿಗೆ ಎಂತಹ ಪರದೆ?

ಪೆದ್ದಹರಿವಾಣಂನಂತಹ ಊರಿನಲ್ಲಿ ಬೇಸಿಗೆಯ ಅಪರಾಹ್ನ ನಾಲ್ಕು ಗಂಟೆಗೆ ಬೀದಿಗೆ ಮುಖಮಾಡಿದ ಪಡಸಾಲೆಗಳಲ್ಲಿ ಕಾಣುವ ದೃಶ್ಯ ಹಲವು ಮನೆಗಳಲ್ಲಿ ಒಂದೇ. ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರವಾಗಿ ಒಳನುಗ್ಗುತ್ತದೆ. ಬೀದಿಯಲ್ಲಿ ಹೋಗುವವರ ನೋಟವೂ ಅದರೊಡನೆ ಒಳಬರುತ್ತದೆ. ಹತ್ತನೆಯ ತರಗತಿಯ ಮಗಳು ಅಲ್ಲಿಯೇ ಪುಸ್ತಕ ತೆರೆದು ಕುಳಿತಿರುತ್ತಾಳೆ. ತಾಯಿ ಬಂದು ದಪ್ಪನೆಯ ಪರದೆಯನ್ನು ಪೂರ್ತಿ ಎಳೆಯುತ್ತಾಳೆ. ನೋಟ ನಿಂತಿತು, ಬಿಸಿಲೂ ನಿಂತಿತು; ಜೊತೆಗೆ ಗಾಳಿ ನಿಂತಿತು, ಬೆಳಕೂ ಹೋಯಿತು. ಇನ್ನು ಹಗಲಿನಲ್ಲಿಯೇ ದೀಪ ಹಾಕಬೇಕು. ವಿದ್ಯುತ್ತು ಹೋದರೆ ಪುಸ್ತಕ ಮಡಿಸಬೇಕು.

ತಪ್ಪು ತಾಯಿಯದಲ್ಲ, ಪರದೆಯ ಆಯ್ಕೆಯದು. ಅಂಗಡಿಯಲ್ಲಿ ಬಣ್ಣವನ್ನೂ ಹೂವಿನ ಚಿತ್ತಾರವನ್ನೂ ನೋಡಿ ಕೊಂಡ ಬಟ್ಟೆಗೆ ಬಿಸಿಲು, ಬೆಳಕು, ಗಾಳಿ, ನೋಟ ಈ ನಾಲ್ಕನ್ನು ಬೇರ್ಪಡಿಸಲು ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ತಡೆಯುತ್ತದೆ, ಇಲ್ಲವೇ ಎಲ್ಲವನ್ನೂ ಒಟ್ಟಿಗೆ ಬಿಡುತ್ತದೆ. ಕಿಟಕಿಗೆ ಪರದೆ ಹಾಕುವುದೆಂದರೆ ಕಿಟಕಿಯನ್ನು ಮುಚ್ಚುವುದಲ್ಲ. ಏನನ್ನು ಒಳಬಿಡಬೇಕು, ಏನನ್ನು ಹೊರಗಿಡಬೇಕು ಎಂದು ತೀರ್ಮಾನಿಸುವುದು.

ಹಿರಿಯರ ಮನೆಗಳಲ್ಲಿ ಈ ತೀರ್ಮಾನವನ್ನು ಗೋಡೆಯೇ ಮಾಡಿಬಿಡುತ್ತಿತ್ತು. ಮಣ್ಣಿನ ಮಾಳಿಗೆ, ಮೊಳಕ್ಕಿಂತ ದಪ್ಪದ ಗೋಡೆ, ಎತ್ತರದಲ್ಲಿ ಸಣ್ಣ ಕಿಟಕಿ, ನೆತ್ತಿಯ ಮೇಲೊಂದು ಗವಾಕ್ಷಿ. ಗವಾಕ್ಷ ಎಂದರೆ ಹಸುವಿನ ಕಣ್ಣು ಎಂದರ್ಥ. ಆ ಕಣ್ಣಿನಿಂದ ಬೆಳಕು ಮೇಲಿನಿಂದಲೇ ಇಳಿಯುತ್ತಿತ್ತು, ಬಿಸಿಗಾಳಿ ಮೇಲಕ್ಕೇ ಹೋಗುತ್ತಿತ್ತು, ಬೀದಿಯವರ ನೋಟಕ್ಕೆ ದಾರಿಯೇ ಇರಲಿಲ್ಲ. ಇಂದಿನ ಕಾಂಕ್ರೀಟ್ ಮನೆಗೆ ತೆಳು ಗೋಡೆ, ಅಗಲವಾದ ಗಾಜಿನ ಕಿಟಕಿ. ಬಿಸಿಲು ಮಾತ್ರ ಅಂದಿನದೇ. ಗೋಡೆ ಬಿಟ್ಟುಕೊಟ್ಟ ಕೆಲಸವನ್ನು ಇಂದು ಪರದೆ ಮಾಡಬೇಕಾಗಿದೆ.

ಮೊದಲನೆಯದು ಬಿಸಿಲಿನ ಕೆಲಸ. ಬಿಸಿಲು ಗಾಜನ್ನು ದಾಟಿ ಒಳಬಂದ ಮೇಲೆ ಪರದೆ ಅದನ್ನು ಪೂರ್ತಿಯಾಗಿ ಹಿಂದಿರುಗಿಸಲಾರದು. ಬಟ್ಟೆಯೇ ಕಾದು, ಆ ಕಾವನ್ನು ಕೋಣೆಗೆ ಕೊಡುತ್ತದೆ. ಆದುದರಿಂದ ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಹೊರಗೆ ತೂಗುಬಿಟ್ಟ ಸಾಧಾರಣ ಬಿದಿರಿನ ತಟ್ಟಿಯೊಂದು ಒಳಗಿನ ಬೆಲೆಬಾಳುವ ಪರದೆಗಿಂತ ಹೆಚ್ಚು ತಂಪು ನೀಡುತ್ತದೆ.

ದಿಕ್ಕನ್ನೂ ನೋಡಬೇಕು. ಆದೋನಿಯ ಸೀಮೆಯಲ್ಲಿ ಮೇ ತಿಂಗಳ ಮೊದಲ ವಾರದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ದಕ್ಷಿಣದ ಕಿಟಕಿಗೆ ಆಗ ಸಣ್ಣ ಸಜ್ಜೆಯೇ ಸಾಕು. ಸಂಜೆಯ ಸೂರ್ಯ ಕೆಳಗಿಳಿದು ಸಜ್ಜೆಯ ಅಡಿಯಿಂದ ನುಗ್ಗುವುದರಿಂದ ಪಶ್ಚಿಮದ ಕಿಟಕಿಗೆ ಮಾತ್ರ ಸಜ್ಜೆ ಸಾಲದು. ತೂಗುವ ತಟ್ಟಿಯೇ ಬೇಕು. ಉತ್ತರದ ಕಿಟಕಿಗೆ ಬಿಸಿಲಿನ ಉಪದ್ರವ ಕಡಿಮೆ, ಬೆಳಕು ಶಾಂತ. ಮಕ್ಕಳ ಓದಿನ ಮೇಜಿಗೆ ಅದೇ ಉತ್ತಮ ಸ್ಥಳ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರುವಂತೆ ಮೇಜನ್ನಿಟ್ಟರೆ ಕೈಯ ನೆರಳು ಅಕ್ಷರದ ಮೇಲೆ ಬೀಳದು.

ಲಾವಂಚದ ತಟ್ಟಿಯಾಗಲಿ, ಸ್ವಚ್ಛವಾದ ಗೋಣಿತಾಟಾಗಲಿ, ಹೊರಗೆ ಕಟ್ಟಿ ನೀರು ಚಿಮುಕಿಸುವ ಪದ್ಧತಿ ಹಳೆಯದು. ಒಣಗಾಳಿ ಆ ತೇವವನ್ನು ಹೀರುತ್ತ ತಾನೇ ತಣಿದು ಒಳಬರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಭಾಗದ ಗಾಳಿ ಒಣಗಿರುವುದರಿಂದ ಉಪಾಯ ಇಲ್ಲಿ ಫಲಿಸುತ್ತದೆ. ಸಮುದ್ರದ ತೇವ ತುಂಬಿದ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಅದೇ ತಟ್ಟಿ ಸೆಕೆಯನ್ನು ಹೆಚ್ಚಿಸಬಹುದು. ಒಂದೂರಿನ ಪರದೆ ಇನ್ನೊಂದೂರಿಗೆ ಒಗ್ಗದಿರುವುದಕ್ಕೆ ಇದು ಸಾಕ್ಷಿ. ಇಲ್ಲಿಯೂ ಮಳೆಗಾಲದಲ್ಲಿ ತಟ್ಟಿಯನ್ನು ಬಿಚ್ಚಿಡಬೇಕು, ಬೇಸಿಗೆಯ ಸಂಜೆ ಬಿಸಿಲಿಳಿದೊಡನೆ ಸುತ್ತಿಡಬೇಕು. ಇಲ್ಲವಾದರೆ ಇರುಳಿನ ತಂಗಾಳಿಗೂ ಅಡ್ಡಿಯಾಗುತ್ತದೆ.

ಎರಡನೆಯದು ನೋಟದ ಕೆಲಸ. ಬೀದಿಯವರ ನೋಟ ಕಿಟಕಿಯ ಕೆಳಭಾಗದಿಂದ ಬರುತ್ತದೆ. ಆಕಾಶದ ಬೆಳಕು ಮೇಲ್ಭಾಗದಿಂದ. ಆದುದರಿಂದ ಕೆಳಗಿನ ಅರ್ಧಕ್ಕೆ ಮಾತ್ರ ಸರಳು ಹಾಕಿ ತೆಳುವಾದ ಹತ್ತಿ ಬಟ್ಟೆ ತೂಗುಬಿಟ್ಟರೆ ಮರ್ಯಾದೆಯೂ ಉಳಿಯುತ್ತದೆ, ಬೆಳಕೂ ಉಳಿಯುತ್ತದೆ. ಒಂದು ಎಚ್ಚರ ಬೇಕು: ತೆಳು ಬಟ್ಟೆ ಹಗಲಿನಲ್ಲಿ ಹೊರಗಿನವರಿಗೆ ಒಳಗನ್ನು ಕಾಣಗೊಡುವುದಿಲ್ಲ, ದೀಪ ಹತ್ತಿಸಿದ ಮೇಲೆ ಎಲ್ಲವನ್ನೂ ತೋರಿಸುತ್ತದೆ. ಬೀದಿಬದಿಯ ಕೋಣೆಗೆ ರಾತ್ರಿ ಎಳೆಯಲು ದಪ್ಪನೆಯ ಇನ್ನೊಂದು ಪರದೆ ಇರಲೇಬೇಕು.

ಬಟ್ಟೆಗಾಗಿ ದೂರ ಹೋಗಬೇಕಿಲ್ಲ. ಹತ್ತಿಯ ಮಾರುಕಟ್ಟೆಗೆ ಹೆಸರಾದ ಆದೋನಿ ಪಕ್ಕದಲ್ಲಿಯೇ ಇದೆ. ಹಳೆಯ ನೂಲಿನ ಸೀರೆ, ಪಂಚೆಗಳೂ ಅರ್ಧಪರದೆಗೆ ಸಾಕು. ಹೊಸ ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸಿದ ಮೇಲೆಯೇ ಹೊಲಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಪರದೆ ಗಿಡ್ಡವಾಗುತ್ತದೆ. ಕಿಟಕಿಯ ಅಗಲಕ್ಕಿಂತ ಒಂದೂವರೆಯಿಂದ ಎರಡರಷ್ಟು ಬಟ್ಟೆ ಇದ್ದರೆ ನೆರಿಗೆ ಸರಿಯಾಗಿ ನಿಲ್ಲುತ್ತದೆ. ಸರಳು ಎರಡೂ ಪಕ್ಕಗಳಲ್ಲಿ ಒಂದು ಗೇಣಿನಷ್ಟು ಹೊರಚಾಚಿದ್ದರೆ ಪರದೆ ಸರಿಸಿದಾಗ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ. ಬಿಸಿಲಿನ ಕಡೆಗೆ ಬಿಳಿಯ ಒಳಬಟ್ಟೆ ಇರಲಿ. ಅಡುಗೆಮನೆಯ ಒಲೆಯ ಬಳಿ ಪರದೆ ಬೇಡ. ಎಳೆಯ ಮಕ್ಕಳಿರುವ ಮನೆಯಲ್ಲಿ ತಟ್ಟಿಯನ್ನು ಏರಿಸಿ ಇಳಿಸುವ ಹಗ್ಗ ಕುಣಿಕೆಯಾಗಿ ಜೋತುಬಿದ್ದಿರಬಾರದು. ಅದು ಕೊರಳಿಗೆ ಸಿಕ್ಕರೆ ಪ್ರಾಣಾಪಾಯ.

ಕಿಟಕಿಯ ಮಾತು ಕೆಲವೊಮ್ಮೆ ನೆರೆಹೊರೆಯ ಜಗಳವಾಗುವುದೂ ಉಂಟು. ಪಕ್ಕದವರು ಹೊಸ ಮಹಡಿ ಕಟ್ಟಿ, ನಮ್ಮ ಅಂಗಳಕ್ಕೆ ಎದುರಾಗಿ ಕಿಟಕಿ ತೆರೆದರು ಎಂಬುದು ಒಂದು ದೂರು. ಗೋಡೆ ಎಬ್ಬಿಸಿ ನಮ್ಮ ಕಿಟಕಿಗೆ ಕತ್ತಲು ಮಾಡಿದರು ಎಂಬುದು ಇನ್ನೊಂದು. ಎರಡಕ್ಕೂ ಸಂಬಂಧಿಸಿದುದು 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಅನುಭೋಗದ ಹಕ್ಕುಗಳ ಕಾನೂನು. ಈ ಸೀಮೆ ಬಳ್ಳಾರಿ ಜಿಲ್ಲೆಯೊಳಗಿದ್ದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಿಂದಲೂ ಅದು ಇಲ್ಲಿ ಜಾರಿಯಲ್ಲಿದೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆಯೂ ಅದು ಬದಲಾಗಲಿಲ್ಲ.

ಅದರ 15ನೆಯ ಕಲಮಿನಂತೆ, ಒಂದು ಕಟ್ಟಡಕ್ಕೆ ಬರುವ ಬೆಳಕನ್ನೂ ಗಾಳಿಯನ್ನೂ ಹಕ್ಕಿನಂತೆ, ಶಾಂತವಾಗಿ, ಅಡೆತಡೆಯಿಲ್ಲದೆ 20 ವರ್ಷ ಅನುಭವಿಸಿದವರಿಗೆ ಅದು ಹಕ್ಕಾಗಿ ನಿಲ್ಲುತ್ತದೆ. ನೆರೆಯವರ ನೋಟದ ವಿಷಯ ಅಷ್ಟು ಸುಲಭವಲ್ಲ. ಇನ್ನೊಬ್ಬರ ಏಕಾಂತಕ್ಕೆ ಭಂಗ ತರುವಂತೆ ಹೊಸ ಕಿಟಕಿ ತೆರೆಯಕೂಡದೆಂಬ ರೂಢಿ ಊರಿನಲ್ಲಿದ್ದರೆ ಅದಕ್ಕೆ 18ನೆಯ ಕಲಮು ಮನ್ನಣೆ ಕೊಡುತ್ತದೆ. ಆದರೆ ಅಂತಹ ರೂಢಿ ಇದೆಯೆಂದು ದೂರು ತಂದವರೇ ರುಜುವಾತುಪಡಿಸಬೇಕು. ದಾವೆ ಹೂಡಿ, ಸಾಕ್ಷಿಗಳನ್ನು ಕರೆಸಿ, ವಾಯಿದೆಗಳಿಗೆ ಅಲೆಯುವಷ್ಟರಲ್ಲಿ ಹತ್ತನೆಯ ತರಗತಿಯ ಹುಡುಗಿ ಪದವಿಯನ್ನೇ ಮುಗಿಸಿರಬಹುದು. ಅರ್ಧ ಕಿಟಕಿಗೆ ಎರಡು ಮೀಟರ್ ಬಟ್ಟೆ ಆ ಸಂಜೆಯೇ ಸಿಗುತ್ತದೆ. ನೆರೆಯವರೊಡನೆ ಕುಳಿತು ಮಾತನಾಡಿ, ಅವರ ಕಿಟಕಿಗೂ ಒಂದು ಪರದೆ ಹಾಕಿಸಿದರೆ ಇಬ್ಬರ ಮನೆಯ ಮಾನವೂ ಉಳಿಯುತ್ತದೆ.

ಹೆಣ್ಣುಮಕ್ಕಳ ಮರ್ಯಾದೆಗಾಗಿ ಕಿಟಕಿ ಮುಚ್ಚುವ ಮನೆಗಳಲ್ಲಿ ಕೊನೆಗೆ ಕತ್ತಲಲ್ಲಿ ಕೂರುವವರು ಹೆಣ್ಣುಮಕ್ಕಳೇ. ತಮ್ಮ ಅಂಗಳಕ್ಕೆ ಓಡುತ್ತಾನೆ, ಅಕ್ಕ ದೀಪದಡಿ ಉಳಿಯುತ್ತಾಳೆ. ಈ ಬೇಸಿಗೆಯಲ್ಲಿ ಪಶ್ಚಿಮದ ಕಿಟಕಿಯ ಹೊರಗೆ ಒಂದು ತಟ್ಟಿ, ಒಳಗೆ ಕೆಳಗಿನರ್ಧಕ್ಕೆ ಒಂದು ತೆಳು ಬಟ್ಟೆ ಬಂದರೆ ಅವಳ ಪುಸ್ತಕದ ಮೇಲೆ ಸಂಜೆ ಆರರವರೆಗೂ ಹಗಲಿನ ಬೆಳಕು ಇರುತ್ತದೆ. ಅಂಗಡಿಗೆ ಹೋಗುವ ಮುನ್ನ ಮನೆಯವರು ಅವಳ ಜಾಗದಲ್ಲಿ ಅರ್ಧ ಗಂಟೆ ಕುಳಿತು ನೋಡಲಿ. ಎಂತಹ ಪರದೆ ಬೇಕೆಂಬುದು ಅಲ್ಲಿಯೇ ತಿಳಿಯುತ್ತದೆ.